ವಿಕಿ ಬರವಣಿಗೆಯ ಬೋಧನೆ

ಹಲವರು ಸೇರಿ ಬರೆದು ತಿದ್ದುವ ಜಾಲತಾಣಗಳಲ್ಲಿ ಸುರಕ್ಷಿತವಾಗಿ, ಹೊಣೆಯರಿತು ಕೆಲಸ ಮಾಡಲು ವಿದ್ಯಾರ್ಥಿಗಳಿಗೆ ಕಲಿಸುವ ಕ್ರಮ. ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿಯನ್ನು ತೆರೆದ. ವಿಕಿಪೀಡಿಯ 2001ರಲ್ಲಿ, ಅದರ ಕನ್ನಡ ಆವೃತ್ತಿ 2003ರಲ್ಲಿ ಶುರುವಾದವು.

ಪುಣೆಯ ಪ್ರಯೋಗ: ವಿಕಿಮೀಡಿಯ ಪ್ರತಿಷ್ಠಾನ 2011ರಲ್ಲಿ ಪುಣೆಯ ಕೆಲವು ಕಾಲೇಜುಗಳಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ವಿದ್ಯಾರ್ಥಿಗಳಿಂದ ಲೇಖನ ಬರೆಸಿತು. ಪುಸ್ತಕಗಳಿಂದಲೂ ಬೇರೆ ತಾಣಗಳಿಂದಲೂ ಎತ್ತಿದ ಪ್ಯಾರಾಗಳು ರಾಶಿ ಬಿದ್ದವು. ಹುಡುಕಿ ಅಳಿಸುವ ಹೊರೆ ಸ್ವಯಂಸೇವಕರ ತಲೆಗೆ ಬಂತು. ವರ್ಷ ಮುಗಿಯುವ ಮೊದಲೇ ಯೋಜನೆ ನಿಂತಿತು. ಇದನ್ನು ಹುಡುಗರ ಕಳ್ಳತನವೆಂದು ತಳ್ಳಿಹಾಕುವುದು ಬಹುಶಃ ಸರಿಯಲ್ಲ. ನೋಟ್ಸನ್ನು ಉರುಹೊಡೆದು ಹಾಗೆಯೇ ಇಳಿಸಿದರೆ ಪೂರ್ತಿ ಅಂಕ ಸಿಗುವ ಪದ್ಧತಿಯಲ್ಲಿ ಓದಿದವರಿಗೆ, ಆಕರ ಹೆಸರಿಸಿದ ಮಾತ್ರಕ್ಕೆ ಯಥಾವತ್ ನಕಲು ನ್ಯಾಯವಾಗುವುದಿಲ್ಲವೆಂಬುದು ಹೊಸ ವಿಷಯವೇ ಆಗಿತ್ತು. ಕನ್ನಡದಲ್ಲಿ ತೊಡಕು ಇನ್ನೊಂದು ಬಗೆಯದು. ನಮ್ಮ ಮುದ್ರಿತ ಪುಸ್ತಕಗಳ ಬಹುಪಾಲು ಜಾಲದಲ್ಲಿ ಹುಡುಕಲು ಸಿಗದ ಕಾರಣ ನಕಲು ಪತ್ತೆಯ ತಂತ್ರಾಂಶ ಕೈಕೊಡುತ್ತದೆ; ತಡವರಿಸುವ ವಾಕ್ಯಗಳ ನಡುವೆ ದಿಢೀರನೆ ಪ್ರೌಢವಾಗುವ ಪ್ಯಾರಾವನ್ನು ಅಧ್ಯಾಪಕರ ಕಿವಿಯೇ ಹಿಡಿಯಬೇಕು.

ಬೆಂಗಳೂರು: ಕ್ರೈಸ್ಟ್ ವಿಶ್ವವಿದ್ಯಾಲಯದ ಭಾಷಾ ವಿದ್ಯಾರ್ಥಿಗಳು 2013ರಿಂದ ಕನ್ನಡವೂ ಸೇರಿ ಭಾರತೀಯ ಭಾಷೆಗಳ ವಿಕಿಗಳಲ್ಲಿ ಬರೆದರು. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಗೆ ಒಪ್ಪಿಸಿದ್ದು ಬೋಧನೆಗೂ ಒದಗಿತು: ಹೆಸರು ಹೇಳಿ, ಅದೇ ಪರವಾನಗಿಯಲ್ಲಿ ಬಳಸಿದರೆ ಆ ಪಠ್ಯವನ್ನು ಎತ್ತಿಕೊಳ್ಳಬಹುದು, ಪಕ್ಕದ ಕಪಾಟಿನ ಪುಸ್ತಕದ್ದನ್ನು ಎತ್ತುವಂತಿಲ್ಲ.

ಇತಿಹಾಸ ಪುಟ: ಮೊದಲ ಪಾಠ ಇಲ್ಲಿಂದಲೇ ಆಗಬೇಕೆಂಬುದು ಈ ಲೇಖಕರ ಅಭಿಪ್ರಾಯ. ಪ್ರತಿ ಸಲ ಪ್ರಕಟಿಸಿದಾಗಲೂ ಯಾರು, ಎಷ್ಟು ಹೊತ್ತಿಗೆ, ಯಾವ ಅಕ್ಷರ ಸೇರಿಸಿದರು, ಯಾವುದನ್ನು ತೆಗೆದರು ಎಂಬುದು ಅಲ್ಲಿ ಉಳಿಯುತ್ತದೆ. ವಿದ್ಯಾರ್ಥಿನಿಯೊಬ್ಬಳು ತನ್ನ ಸದಸ್ಯ ಪುಟದಲ್ಲಿ ಊರು, ಕಾಲೇಜು, ಮೊಬೈಲ್ ಸಂಖ್ಯೆ ಬರೆದು ಮರುಕ್ಷಣವೇ ಅಳಿಸಿದರೂ ಹಳೆಯ ಆವೃತ್ತಿ ತೆರೆದವರಿಗೆ ಸಂಖ್ಯೆ ಕಾಣುತ್ತದೆ. ನಿರ್ವಾಹಕರು ಆ ಆವೃತ್ತಿಯನ್ನೇ ಮರೆಮಾಡಬೇಕು. ಖಾತೆಗೆ ನಿಜನಾಮ ಬೇಕಿಲ್ಲ. ಲಾಗಿನ್ ಆಗದೆ ತಿದ್ದಿದವರ ಐಪಿ ವಿಳಾಸ ಮೊದಲು ಎಲ್ಲರಿಗೂ ಕಾಣುತ್ತಿತ್ತು. ಈಚೆಗೆ ಅದರ ಜಾಗಕ್ಕೆ ತಾತ್ಕಾಲಿಕ ಖಾತೆ ಬಂದಿದೆ. ಅಭ್ಯಾಸಕ್ಕೆಂದಿರುವ ಪ್ರಯೋಗಪುಟವೂ ಸಾರ್ವಜನಿಕವೇ ಎಂಬುದನ್ನು ಒತ್ತಿ ಹೇಳಬೇಕಾಗುತ್ತದೆ.

ನಡವಳಿಕೆ: ಬರೆದದ್ದನ್ನು ಯಾರಾದರೂ ರದ್ದುಮಾಡಿದರೆ ಮತ್ತೆ ಹೇರದೆ ಚರ್ಚೆ ಪುಟದಲ್ಲಿ ಕಾರಣ ಕೇಳುವುದು ವಾಡಿಕೆ. ಸಮುದಾಯದ ಮಾತುಕತೆಗೆ ಕನ್ನಡ ವಿಕಿಪೀಡಿಯದಲ್ಲಿ ಅರಳಿಕಟ್ಟೆ ಎಂಬ ಪುಟವಿದೆ.

ಪ್ರಯೋಗಾಲಯ: ಒಂದೇ ಐಪಿ ವಿಳಾಸದಿಂದ ದಿನಕ್ಕೆ ಸಾಮಾನ್ಯವಾಗಿ 6 ಹೊಸ ಖಾತೆಗಳಿಗಷ್ಟೇ ಅವಕಾಶ. ಏಳನೆಯವನು ನಿಂತಾಗ ಇಡೀ ತರಗತಿಗೆ ಒಂದೇ ಖಾತೆ ಕೊಡುವ ಆಸೆ ಹುಟ್ಟುವುದು ಸಹಜ, ಆದರೆ ಹಂಚಿಕೊಂಡ ಖಾತೆ ನಿಯಮಬಾಹಿರ. ಯಾವ ತಪ್ಪು ಯಾರದೆಂದೂ ತಿಳಿಯದು. ಮಿತಿ ಸಡಿಲಿಕೆಗೆ ಮುಂಚಿತವಾಗಿ ಕೋರಬಹುದು, ಇಲ್ಲವೇ ವಿದ್ಯಾರ್ಥಿಗಳು ಹಿಂದಿನ ದಿನ ಮನೆಯಲ್ಲೇ ಖಾತೆ ತೆರೆದು ಬರಬಹುದು.