ಮಾಗಡಿಯ ಕೆರೆ

ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆಯನ್ನೇ ಬಹುಮಟ್ಟಿಗೆ ನೆಚ್ಚಿಕೊಂಡಿರುವ, ಒಂದೆಡೆ ಎರೆ ಮಣ್ಣೂ ಇನ್ನೊಂದೆಡೆ ಮಸಾರಿ ಮಣ್ಣೂ ಹಬ್ಬಿರುವ ಗದಗ ಸೀಮೆಯಲ್ಲಿ ನೈಸರ್ಗಿಕ ಸರೋವರವೆಂಬುದು ದುರ್ಲಭ. ಇಲ್ಲಿ ನಿಂತ ನೀರು ಬಹುಮಟ್ಟಿಗೆ ಮನುಷ್ಯನು ಏರಿ ಹಾಕಿ ತಡೆದ ನೀರೇ. ಕನ್ನಡನಾಡಿನ ಶಾಸನಗಳು ಕೆರೆ ಕಟ್ಟಿಸಿದವರ ಪುಣ್ಯವನ್ನು ಕೊಂಡಾಡುವುದರೊಡನೆ, ಅದರ ಪಾಲನೆಗಾಗಿ ಬಿತ್ತುವಟ್ಟವೆಂಬ ಭೂದಾನವನ್ನೂ ಏರ್ಪಡಿಸಿದ್ದುಂಟು. ಪುಣ್ಯಸಂಚಯಕ್ಕಿಂತ ಈ ಏರ್ಪಾಡೇ ಹೆಚ್ಚು ವಿವೇಕದ್ದೆಂದು ನನ್ನ ಎಣಿಕೆ. ಕಳೆದ ಶತಮಾನದ ಪೂರ್ವಾರ್ಧದಲ್ಲಿ ಈ ಸೀಮೆಯ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರವು ಮೀರಜದ ಹಿರಿಯ ಶಾಖೆಗೂ, ಗದಗ-ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಗೂ ಸೇರಿದ್ದುವು; ಮಳೆಯ ನೀರು ಮಾತ್ರ ಈ ಎಲ್ಲೆಗಳನ್ನು ಲೆಕ್ಕಿಸದೆ ಇಳಿಜಾರು ಕಂಡತ್ತ ಹರಿಯಿತು.

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯೂ ವ್ಯವಸಾಯಕ್ಕೆ ಮಳೆನೀರನ್ನು ಕೂಡಿಡಲೆಂದು ಕಟ್ಟಿದ, ಸುಮಾರು 50 ಹೆಕ್ಟೇರಿನ ಜಲಾಶಯ. ಕಟ್ಟಿದವರ ಸಂಕಲ್ಪದಲ್ಲಿ ಇಲ್ಲದಿದ್ದ ಹಕ್ಕುದಾರರು ಅದಕ್ಕೆ ಉತ್ತರದಿಂದ ಬಂದೊದಗಿದರು. ಮಧ್ಯ ಏಷ್ಯದ ಎತ್ತರದ ನೆಲಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು, ವರ್ಷಕ್ಕೆ ಸುಮಾರು 8,000ದಷ್ಟು, ಇಲ್ಲಿ ಚಳಿಗಾಲವನ್ನು ಕಳೆಯುವುವು. ಬಟ್ಟಬಯಲಿನ ನೀರು ಅವಕ್ಕೆ ನಿರ್ಭಯವಾದ ವಿಶ್ರಾಂತಿಸ್ಥಾನ. ಆಹಾರವೋ, ಸುತ್ತಣ ಹೊಲಗಳ ಶೇಂಗಾ, ಕಡಲೆ. ಆದ್ದರಿಂದ ಈ ಹಕ್ಕಿಯ ಜೀವನಕ್ರಮವನ್ನು ಅಭ್ಯಸಿಸಬಯಸುವವನು ದುರ್ಬೀನನ್ನು ಕೆರೆಯ ಕಡೆಗೆ ತಿರುಗಿಸಿದರೆ ಸಾಲದು. ರೈತನ ಹಿಂಗಾರಿ ಬೆಳೆಯ ಲೆಕ್ಕವನ್ನೂ, ಹಕ್ಕಿ ಮೇದುದಕ್ಕೆ ಆತ ತೆತ್ತ ಬೆಲೆಯನ್ನೂ ಕೇಳಿ ತಿಳಿಯಬೇಕು. ಪ್ರಕೃತಿಯೆಲ್ಲಿ ಮುಗಿದು ಮನುಷ್ಯಕೃತಿಯೆಲ್ಲಿ ಮೊದಲಾಯಿತೆಂಬ ಗೆರೆಯನ್ನು ಮಾಗಡಿಯಲ್ಲಿ ಎಳೆಯುವುದು ಸುಲಭವಲ್ಲ.

ಇರಾನದ ರಾಮ್ಸಾರ್ ಪಟ್ಟಣದಲ್ಲಿ 1971ರಲ್ಲಿ ರಾಷ್ಟ್ರಗಳು ಜೌಗುನೆಲಗಳ ರಕ್ಷಣೆಗಾಗಿ ಮಾಡಿಕೊಂಡ ಒಪ್ಪಂದದ ಯಾದಿಗೆ ಈ ಕೆರೆಯೂ ಸೇರಿದೆ. ಕೆರೆಯಲ್ಲಿ ದಾಖಲಾದ 166 ಪಕ್ಷಿಜಾತಿಗಳಲ್ಲಿ 130 ವಲಸೆಯವು. ನೀರನ್ನು ಅತಿಯಾಗಿ ಬಳಸುವುದು, ಹೊಲಗಳಿಂದ ಹರಿದುಬರುವ ನೀರು ಕೆರೆಯ ಗುಣವನ್ನು ಕೆಡಿಸುವುದು, ಇವೆರಡೂ ಅದಕ್ಕೊದಗಿರುವ ಅಪಾಯಗಳೆಂದು ರಾಮ್ಸಾರ್ ಯಾದಿಯ ದಾಖಲೆ ಹೇಳುತ್ತದೆ. ಹೆಬ್ಬಾತಿಗೆ ಅನ್ನವಿಕ್ಕುವ ಹೊಲವೇ ಅದರ ನೀರನ್ನು ಕೆಡಿಸುತ್ತಿರುವುದರಿಂದ, ಏರಿಯ ಸುತ್ತ ಬೇಲಿ ಹಾಕಿ ಕೆರೆಯನ್ನಷ್ಟೇ ಕಾಯುವೆನೆನ್ನುವ ಯೋಜನೆಗೆ ಇಲ್ಲಿ ಹೆಚ್ಚು ಕೆಲಸವಿಲ್ಲ. ನೀರು ಇಳಿದುಬರುವ ಇಡೀ ಜಲಾನಯನದ ರೈತರೊಡನೆ ಕುಳಿತು ಮಾತನಾಡುವ ಕೆಲಸ ಉಂಟು.