ಕಹಳೆಯ ಮುಂದೆ ಹಾಡಿದವರು

2020ರ ಬೇಸಿಗೆ. ಸಭೆಗಳೆಲ್ಲ ಬಾಗಿಲು ಹಾಕಿದ್ದವು. ಒಂದು ಸಂಜೆ ಫೋನಿನಲ್ಲಿ ಕಛೇರಿ ಕೇಳುತ್ತಿದ್ದೆ. ಗಾಯಕರು ತಮ್ಮ ನಡುಮನೆಯಲ್ಲೇ ಕೂತು ಕಲ್ಯಾಣಿ ಆಲಾಪನೆ ಮಾಡಿದರು. ತಾರಷಡ್ಜದಲ್ಲಿ ನಿಂತು ಇಳಿದ ಮೇಲೆ, ಅಭ್ಯಾಸಬಲದಿಂದ, ತಲೆ ಎತ್ತಿ ನೋಡಿದರು. ಎದುರಿಗೆ ಯಾರಿದ್ದಾರೆ? ನಾನು ನಮ್ಮ ಮನೆಯಲ್ಲಿ ‘ಭಲೇ’ ಎಂದದ್ದು ಅವರಿಗೆ ಕೇಳಿಸುವುದಾದರೂ ಹೇಗೆ?

ಇದು ನಮ್ಮ ಕಾಲದ ಪಾಡು ಎಂದುಕೊಂಡಿದ್ದೆ. ಆದರೆ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ, ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮುದ್ರಿಸಿಕೊಳ್ಳಲು ಕೂತಾಗ, ಗೌಹರ್ ಜಾನ್ ಅವರ ಎದುರಿಗಿದ್ದದ್ದೂ ಮೆಹಫಿಲ್ ಅಲ್ಲ, ಒಂದು ಕಹಳೆ. ವಿದ್ಯುತ್ ಮೈಕು ಇನ್ನೂ ಬಂದಿರಲಿಲ್ಲ. ಕಹಳೆಯೊಳಕ್ಕೆ ಗಟ್ಟಿಯಾಗಿ ಹಾಡಿದರೆ ಅದರ ಕಂಪನವೇ ಸೂಜಿಯಿಂದ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಸಬೇಕು. ಸಿಗುವುದು ಮೂರು ನಿಮಿಷದ ಆಸುಪಾಸು. ಮೆಹಫಿಲ್‌ನಲ್ಲಿ ಯಾರೋ ‘ವಾಹ್’ ಎಂದರೆ ಠುಮ್ರಿಯ ಅದೇ ಸಾಲಿಗೆ ಹತ್ತು ಬಗೆಯ ಭಾವ ಹುಟ್ಟುತ್ತಿತ್ತು. ಇಲ್ಲಿ ಅದಕ್ಕೆ ಪುರುಸೊತ್ತಿಲ್ಲ. ಆಲಾಪ ಚುಟುಕಾಯಿತು, ತಾನು ಬೇಗ ಬಂತು. ಆ ಮೂರು ನಿಮಿಷವನ್ನು ಅವರು ಎಷ್ಟು ಚೊಕ್ಕವಾಗಿ ತುಂಬಿದ್ದಾರೆ ಎಂಬುದನ್ನು ಇವತ್ತೂ ಕೇಳಬಹುದು.

ಹಾಡು ಮುಗಿದೊಡನೆ, ಚಪ್ಪಾಳೆ ಬೀಳಬೇಕಾದ ಜಾಗದಲ್ಲಿ, ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಾರೆ. ಜಂಬವೆಂದು ನಾನು ಮೊದಲು ನಕ್ಕಿದ್ದೆ. ಆಗ ತಟ್ಟೆಗಳನ್ನು ಅಚ್ಚುಹಾಕುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ; ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಎಂದು ಅಲ್ಲಿನವರಿಗೆ ತಿಳಿಯಲಿ ಎಂದು ಮಾಡಿದ ಉಪಾಯ ಅದು.

ತಟ್ಟೆಯನ್ನು ಹಳಿಯಲಾರೆ. ತವಾಯಫರ ಮನೆಯ ಮೆಟ್ಟಿಲು ಹತ್ತಲಾರದ ಗೃಹಿಣಿಯರಿಗೂ ಆ ದನಿ ಕೇಳಿಸಿದ್ದು ಅದರಿಂದಲೇ. ನನಗೆ ಸಿಕ್ಕಿದ್ದೂ ಹಾಗೆಯೇ, ಅದೂ ಫೋನಿನಲ್ಲಿ. ಆದರೆ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಕಲ್ಕತ್ತೆಯ ತಟ್ಟೆಗಳಲ್ಲಿರುವುದು ಮೂವತ್ತು ದಾಟದ ಹೆಣ್ಣಿನ ದನಿ. ಐವತ್ತು ದಾಟಿ, ಸೋತು, ದೂರದ ಊರಿಗೆ ಬಂದವರು ಯಾವ ಸ್ವರದ ಮೇಲೆ ಹೆಚ್ಚು ಹೊತ್ತು ನಿಂತರು, ಎದುರಿಗೆ ಕೂತವರು ಎಲ್ಲಿ ತಲೆದೂಗಿದರು, ಅದನ್ನು ಆ ತಟ್ಟೆಗಳು ಹೇಳಲಾರವು.

ಕಲ್ಯಾಣಿ ಹಾಡಿದ ಗಾಯಕರ ಕಛೇರಿ ಈ ಭಾನುವಾರ ಇದೆ. ನೇರಪ್ರಸಾರವೂ ಇದೆಯಂತೆ. ನಾನು ಬಸ್ಸು ಹಿಡಿದು ಹೋಗುವವನಿದ್ದೇನೆ, ಜಾಗ ಸಿಕ್ಕರೆ ಮುಂದಿನ ಸಾಲಿಗೆ.