ಕರಗದೆ ಕೂಡಿದ ಲೋಹ

ಬೆಸುಗೆ ಎಂದೊಡನೆ ನೆನಪಾಗುವುದು ಕಣ್ಣು ಕೋರೈಸುವ ಬೆಳಕು, ಸಿಡಿಯುವ ಕಿಡಿ, ಕರಗಿ ಹರಿಯುವ ಲೋಹ. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ವೆಲ್ಡಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ವೇಯ್ನ್ ಥಾಮಸ್ ಮತ್ತು ಸಂಗಡಿಗರು ಕಂಡುಕೊಂಡ ಬೆಸುಗೆಯಲ್ಲಿ ಇದಾವುದೂ ಇರಲಿಲ್ಲ. ಎರಡು ಅಲ್ಯೂಮಿನಿಯಂ ಹಲಗೆಗಳ ಅಂಚುಗಳನ್ನು ತಾಗಿಸಿ ಬಿಗಿಯಬೇಕು. ಗಿರಗಿರನೆ ತಿರುಗುವ ಗಟ್ಟಿ ಉಪಕರಣವೊಂದನ್ನು ಸಂದಿಗೆ ಒತ್ತಿ, ಉದ್ದಕ್ಕೂ ಸರಿಸಬೇಕು. ತುದಿಯ ಪಿನ್ನು ಲೋಹದೊಳಗಿಳಿದು ಕಲಸುತ್ತದೆ. ಅದರ ಮೇಲಿನ ಅಗಲವಾದ ‘ಭುಜ’ ಮೇಲ್ಮೈಯನ್ನು ಉಜ್ಜಿ ಬಿಸಿಯೇರಿಸುತ್ತದೆ. ಲೋಹ ಮೆತ್ತಗಾಗುತ್ತದೆ, ಕರಗುವುದಿಲ್ಲ. ಇದಕ್ಕೆ ‘ಫ್ರಿಕ್ಷನ್ ಸ್ಟಿರ್ ವೆಲ್ಡಿಂಗ್’ ಎಂದು ಹೆಸರಾಯಿತು.

ರಾಗಿಮುದ್ದೆ ತಿರುವಿದವರಿಗೆ ಇದರ ಗುಟ್ಟು ಅರ್ಧ ಗೊತ್ತು. ಕಾವು ಸಾಲದಿದ್ದರೆ ಒಳಗೆ ಗಂಟು, ಹೆಚ್ಚಾದರೆ ತಳ ಹಿಡಿಯುತ್ತದೆ. ಇಲ್ಲಿಯೂ ಹಾಗೆಯೇ. ಉಪಕರಣ ತಿರುಗುವ ವೇಗ ಹೆಚ್ಚಿದಷ್ಟೂ ಬಿಸಿ ಹೆಚ್ಚು. ಅದು ಮುಂದೆ ಸರಿಯುವ ವೇಗ ಹೆಚ್ಚಿದಷ್ಟೂ ಪ್ರತಿ ಇಂಚಿಗೆ ದಕ್ಕುವ ಬಿಸಿ ಕಡಿಮೆ. ಬಿಸಿಯೋ ಒತ್ತಡವೋ ಸಾಲದಿದ್ದರೆ ಬೆಸುಗೆಯ ಒಳಗೆ ಸುರಂಗದಂಥ ಪೊಳ್ಳು ಉಳಿಯುತ್ತದೆ. ಬಿಸಿ ಅತಿಯಾದರೆ ಲೋಹ ಅಂಚಿನಿಂದ ಹೊರಚೆಲ್ಲುತ್ತದೆ, ಸುತ್ತಲಿನ ಭಾಗ ಬಲ ಕಳೆದುಕೊಳ್ಳುತ್ತದೆ. ಪೊಳ್ಳಿನ ಅಪಾಯವೇ ದೊಡ್ಡದು: ಮೇಲ್ಮೈ ನುಣುಪಾಗಿರುತ್ತದೆ, ದೋಷ ಕಣ್ಣಿಗೆ ಬೀಳುವುದಿಲ್ಲ. 1999ರಲ್ಲಿ ಈ ಬೆಸುಗೆ ಹೊತ್ತ ಡೆಲ್ಟಾ-2 ರಾಕೆಟ್ ಹಾರುವ ಹೊತ್ತಿಗೆ, ವೇಗ ಮತ್ತು ಒತ್ತಡಗಳ ಲೆಕ್ಕ ಬರಿಯ ಕಾರ್ಖಾನೆಯ ವಿಷಯವಾಗಿ ಉಳಿದಿರಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ಅಲ್ಯೂಮಿನಿಯಂ ಕಾಂಪೊಸಿಟ್‌ಗಳಿಂದ. ಅಲ್ಯೂಮಿನಿಯಂನೊಳಗೆ ಸಿಲಿಕಾನ್ ಕಾರ್ಬೈಡ್ ಅಥವಾ ಅಲ್ಯೂಮಿನಾದ ಸಣ್ಣ ಕಣಗಳನ್ನು ಬೆರೆಸಿದರೆ ಹಗುರವೂ ಬಿರುಸೂ ಆದ, ಸವೆಯದ ವಸ್ತು ಸಿಗುತ್ತದೆ. ಆದರೆ ಅದನ್ನು ಹಳೆಯ ರೀತಿಯಲ್ಲಿ ಬೆಸೆಯುವುದು ಕಷ್ಟ. ಕರಗಿದ ಅಲ್ಯೂಮಿನಿಯಂ ಸಿಲಿಕಾನ್ ಕಾರ್ಬೈಡ್ ಜೊತೆ ಸೇರಿ ಅಲ್ಯೂಮಿನಿಯಂ ಕಾರ್ಬೈಡ್ ಹುಟ್ಟುತ್ತದೆ; ಅದು ಪೆಡಸು, ನೀರು ತಾಗಿದರೆ ಕೆಡುವಂಥದು. ಕರಗಿಸದ ಬೆಸುಗೆ ಈ ತೊಡಕನ್ನು ಬಹುಮಟ್ಟಿಗೆ ತಪ್ಪಿಸಿತು.

ತಪ್ಪಿದ ಕಷ್ಟ ಇನ್ನೊಂದು ಕಡೆಯಿಂದ ಬಂತು. ಸಾಣೆಚಕ್ರ ಮಾಡುವುದು ಇದೇ ಕಣಗಳಿಂದ. ಹಾಗಾಗಿ ಕಾಂಪೊಸಿಟ್‌ನೊಳಗೆ ತಿರುಗುವ ಉಕ್ಕಿನ ಪಿನ್ನು ಸಾಣೆಗೆ ಒಡ್ಡಿದಂತೆ ಸವೆಯತೊಡಗಿತು. ಲೋಹವನ್ನು ಚೆನ್ನಾಗಿ ಕಲಸಲೆಂದು ಅದರ ಮೇಲೆ ಕೊರೆದಿದ್ದ ಸ್ಕ್ರೂ ಮರೆಗಳೇ ಮೊದಲು ಅಳಿದುಹೋದವು.

ಅಮೆರಿಕದ ಎಲ್ ಪಾಸೊದಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ಮರ್ ಮತ್ತು ಸಂಗಡಿಗರು ಈ ಸವಕಳಿಯನ್ನೇ ಅಳೆಯಲು ಕುಳಿತರು. ಶೇ. 20 ಸಿಲಿಕಾನ್ ಕಾರ್ಬೈಡ್ ಇರುವ ಎರಕದ ಅಲ್ಯೂಮಿನಿಯಂ ಮೇಲಿನ ಅವರ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ತಿರುಗುವ ವೇಗ ತಗ್ಗಿಸಿ, ಸರಿಯುವ ವೇಗ ಹೆಚ್ಚಿಸಿದರೆ ಸವಕಳಿ ಕಡಿಮೆಯಾಗುತ್ತದೆ ಎಂಬುದು ಒಂದು ಫಲಿತಾಂಶ. ಇನ್ನೊಂದು ಯಾರೂ ನಿರೀಕ್ಷಿಸುವಂಥದಾಗಿರಲಿಲ್ಲ. ಮೂರು ಮೀಟರಿಗೂ ಹೆಚ್ಚು ಬೆಸೆದ ಮೇಲೆ ಪಿನ್ನು ಮರೆ ಕಳೆದುಕೊಂಡು, ಸುಮಾರಾಗಿ ಡಮರುವಿನ ಆಕಾರಕ್ಕೆ ಬಂದು, ಅಲ್ಲಿಗೆ ಸವೆಯುವುದನ್ನು ಬಹುತೇಕ ನಿಲ್ಲಿಸಿತ್ತು. ಹಾಗೆ ಸವೆದ ಪಿನ್ನಿನ ಬೆಸುಗೆ ಕೆಟ್ಟಿರಲಿಲ್ಲ, ಹೆಚ್ಚು ಏಕರೂಪವಾಗಿತ್ತು. ಮರೆಯಿದ್ದಾಗ ಕಣಗಳ ಸರಾಸರಿ ಗಾತ್ರದಲ್ಲಿ ಶೇ. 25ರಷ್ಟು ವ್ಯತ್ಯಾಸವಾಗುತ್ತಿದ್ದರೆ, ಸವೆದ ಪಿನ್ನಿನಲ್ಲಿ ಅದು ಶೇ. 7ರಷ್ಟೇ ಕುಗ್ಗಿತ್ತು. ಬೆಸುಗೆಯ ಜಾಗ ಮೂಲ ಲೋಹಕ್ಕಿಂತ ಶೇ. 30ರವರೆಗೂ ಗಡುಸಾಗಿತ್ತು. ಎಂಜಿನಿಯರುಗಳು ಅಗತ್ಯವೆಂದು ಕೊರೆದ ಮರೆಯನ್ನು ಲೋಹ ತಾನೇ ಅಳಿಸಿ, ತನಗೆ ಬೇಕಾದ ಆಕಾರವನ್ನು ತೋರಿಸಿತ್ತು.

ಲೋಹ ಒಳಗೆ ಹೇಗೆ ಹರಿಯುತ್ತದೆ ಎಂಬ ಪ್ರಶ್ನೆ ಬೆಂಗಳೂರಿನಲ್ಲೂ ಎದ್ದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಕುಮಾರ್ ಮತ್ತು ಸತೀಶ್ ಕೈಲಾಸ್, ಕಾಂಪೊಸಿಟ್ ಅಲ್ಲದ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ, ಉಪಕರಣದ ಸಂಪರ್ಕವನ್ನು ಒಂದೇ ಬೆಸುಗೆಯುದ್ದಕ್ಕೂ ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಹೋದರು. ಪಿನ್ನು ನಡೆಸುವ ಹರಿವು ಒಂದು, ಭುಜ ನಡೆಸುವ ಹರಿವು ಇನ್ನೊಂದು. ಎರಡೂ ಕೂಡಿದಾಗಲೇ ಪೊಳ್ಳಿಲ್ಲದ ಬೆಸುಗೆ ಎಂದು 2008ರಲ್ಲಿ ತೋರಿಸಿದರು.

ಹೀಗೆ ವೇಗ, ನಡೆ, ಒತ್ತಡಗಳಿಗೆ ಎಲ್ಲ ಲೋಹಕ್ಕೂ ಹೊಂದುವ ಒಂದು ಪಟ್ಟಿ ಸಿದ್ಧವಾಗಲಿಲ್ಲ. ಕಣಗಳ ಪಾಲು ಬದಲಾದರೆ ಲೆಕ್ಕವೂ ಬದಲು. ಮುದ್ದೆಯ ಹದ ಕೋಲು ಹಿಡಿದ ಕೈಗೆ ಸಿಗುವಂತೆ, ಈ ಬೆಸುಗೆಯ ಹದವೂ ಸಿಕ್ಕಿದ್ದು ಸವೆದ ಪಿನ್ನನ್ನು ಎಸೆಯದೆ ಅಳೆದು ನೋಡಿದವರಿಗೆ.